ಬೀಗವಿಲ್ಲದ ಅಕ್ಷರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಕಬ್ಬು, ಬತ್ತ, ರಾಗಿಗಳ ಬೆಳೆಗೆ ಹೆಸರಾದಂತೆ ಕನ್ನಡ ಸಾಹಿತ್ಯಕ್ಕೂ ಹೆಸರಾದ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಪು. ತಿ. ನರಸಿಂಹಾಚಾರ್ಯರ ಹುಟ್ಟೂರು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರೂ ಅಕ್ಕಿಹೆಬ್ಬಾಳಿನಲ್ಲಿ ಎ. ಎನ್. ಮೂರ್ತಿರಾಯರೂ ಜನಿಸಿದರು. ಜಾನಪದ ಸಾಹಿತ್ಯಕ್ಕಾಗಿ ಬಾಳನ್ನೇ ಮೀಸಲಿಟ್ಟ ಎಚ್. ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನವರು.

ಇವರೆಲ್ಲರೂ ಬೇರೆ ಬೇರೆ ಕಾಲದವರು, ಬೇರೆ ಬೇರೆ ಮನೋಧರ್ಮದವರು. ಆದರೆ ಒಂದು ಭಾಗ್ಯ ಇವರೆಲ್ಲರಿಗೂ ಸಮಾನವಾಗಿತ್ತು. ಅಕ್ಷರಗಳನ್ನು ಬಳಸಲು ಇವರಾರೂ ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ‘ಕ’ ಎಂಬ ಅಕ್ಷರದ ರೂಪಕ್ಕೆ ಒಡೆಯನಿಲ್ಲ. ಅಕ್ಷರಾಭ್ಯಾಸ ಮಾಡಿದ ಮಗುವಿಗೂ ಅದು ಸ್ವಂತ, ಮಹಾಕವಿಗೂ ಅದು ಸ್ವಂತ.

ಅಕ್ಷರವು ಓಲೆಗರಿಯಿಂದ ಕಾಗದಕ್ಕೆ ಬಂದಿತು. ಕಾಗದದಿಂದ ಮುದ್ರಣದ ಅಚ್ಚಿಗೆ ಬಂದಿತು. ಈಗ ಗಣಕಯಂತ್ರವನ್ನು ಹೊಕ್ಕಿದೆ. ಗಣಕವು ನಗರದ ದೊಡ್ಡ ಕಚೇರಿಗಳಿಗೆ ಮಾತ್ರ ಸೇರಿದ ವಸ್ತುವಾಗಿದ್ದ ಕಾಲ ಕಳೆದುಹೋಯಿತು. 2000ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿತು. ಅಂದಿನಿಂದ ರೈತನು ಪಡೆಯುವ ಪಹಣಿ ಗಣಕದಿಂದಲೇ ಹೊರಬರುತ್ತಿದೆ. ಆ ಹಾಳೆಯಲ್ಲಿ ಅವನ ಹೆಸರಿನ ಒಂದು ಒತ್ತಕ್ಷರ ತಪ್ಪಿದರೂ ಸಾಲ ಪಡೆಯುವಾಗ, ಜಮೀನು ಭಾಗವಾಗುವಾಗ ತೊಡಕು ಹುಟ್ಟಬಹುದು. ಆದುದರಿಂದ ಯಂತ್ರದೊಳಗೆ ಕನ್ನಡದ ಅಕ್ಷರ ಹೇಗೆ ನಿಂತಿದೆ, ಅದು ಯಾರ ವಶದಲ್ಲಿದೆ ಎಂಬ ಪ್ರಶ್ನೆ ವಿದ್ವಾಂಸರಿಗೆ ಎಷ್ಟು ಮುಖ್ಯವೋ ಉಳುವವನಿಗೂ ಅಷ್ಟೇ ಮುಖ್ಯ.

ಗಣಕಯಂತ್ರಕ್ಕೆ ಅಕ್ಷರದ ಅರಿವಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆ ಬಂದಾಗ ಇಂಥ ರೂಪವನ್ನು ತೆರೆಯ ಮೇಲೆ ತೋರಿಸಬೇಕೆಂದು ಯಂತ್ರಕ್ಕೆ ವಿಧಿಸಬೇಕು. ಹೀಗೆ ವಿಧಿಸುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಮೊದಮೊದಲು ಕನ್ನಡ ತಂತ್ರಾಂಶಗಳನ್ನು ಸಿದ್ಧಪಡಿಸಿದವರು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದರು. ಆದರೆ ಒಬ್ಬೊಬ್ಬರು ಕೂರಿಸಿದ ಕ್ರಮ ಒಂದೊಂದು ಬಗೆ. ಅದರ ಫಲ ವಿಚಿತ್ರವಾಗಿತ್ತು. ಕಿಕ್ಕೇರಿಯಲ್ಲಿ ಬೆರಳಚ್ಚು ಮಾಡಿದ ಒಂದು ಲೇಖನವನ್ನು ಶ್ರೀರಂಗಪಟ್ಟಣದ ಮುದ್ರಣಾಲಯಕ್ಕೆ ಕಳುಹಿಸಿದರು ಎನ್ನೋಣ. ಅಲ್ಲಿಯ ಗಣಕದಲ್ಲಿ ಅದೇ ತಂತ್ರಾಂಶ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಬರೆದವನ ಮಾತು ಅಳಿಸಿರಲಿಲ್ಲ. ಆದರೆ ಅದನ್ನು ತೆರೆಯುವ ಕೀಲಿ ಮತ್ತೊಬ್ಬರ ಕೈಯಲ್ಲಿತ್ತು.

ಈ ತೊಡಕನ್ನು ಬಿಡಿಸಲು ಶ್ರಮಿಸಿದವರಲ್ಲಿ ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಹೆಸರು ಸ್ಮರಣೀಯವಾದುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಅವರು ಕನ್ನಡ ವರ್ಣಮಾಲೆಯ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರ, ತಲೆಕಟ್ಟು, ಕೊಂಬು, ಒತ್ತು ಮುಂತಾದ ತುಂಡುಗಳಿಗೆಲ್ಲ ಜಾಗ ಬೇಕಾಗಿತ್ತು. ರಾಯರು ಆಕೃತಿಯನ್ನು ಬಿಟ್ಟು ಧ್ವನಿಯನ್ನು ಹಿಡಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಎರಡು ವ್ಯಂಜನಗಳನ್ನು ಬೆಸೆದು ಒತ್ತಕ್ಷರ ಮಾಡಲು ಮತ್ತೊಂದು ಕೀಲಿ. ಇಷ್ಟರಿಂದ, ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಜಾಗದಲ್ಲಿಯೇ ಇಡೀ ಕನ್ನಡ ಅಡಗಿತು! ಈ ಕ್ರಮವನ್ನು ಅಳವಡಿಸಿದ ತಂತ್ರಾಂಶಕ್ಕೆ ಅವರು ಹಿರಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ನೀಡಿದರು. ಮುಂದೆ ಕರ್ನಾಟಕ ಸರ್ಕಾರವು ಕೆಲವು ಸಣ್ಣ ಮಾರ್ಪಾಡುಗಳೊಡನೆ ಈ ವಿನ್ಯಾಸವನ್ನೇ ಅಧಿಕೃತ ಕೀಲಿಮಣೆಯಾಗಿ ಒಪ್ಪಿಕೊಂಡಿತು. ತಮ್ಮ ವಿನ್ಯಾಸದಿಂದ ಹಣ ಗಳಿಸುವ ದಾರಿ ಇದ್ದರೂ ಅದನ್ನು ನಾಡಿಗೇ ಬಿಟ್ಟುಕೊಟ್ಟುದು ರಾಯರು ಮಾಡಿದ ಮಹೋಪಕಾರ.

ಇದೇ ಹಾದಿಯಲ್ಲಿ ಇನ್ನೂ ಹಲವರು ನಡೆದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಸರ್ಕಾರವು ಬೆಲೆಯಿಲ್ಲದೆ ಹಂಚಿತು. ಕನ್ನಡಕ್ಕೆ ತಕ್ಕ ತಂತ್ರಾಂಶ ಒದಗದಿದ್ದರೆ ಭಾಷೆಯೇ ಹಿಂದೆ ಬೀಳುವುದೆಂದು ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಎಚ್ಚರಿಸುತ್ತ ಬಂದರು. ಈ ನಡುವೆ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಮಾಡುವ ‘ಯೂನಿಕೋಡ್’ ಪದ್ಧತಿ 1991ರಲ್ಲಿ ಆರಂಭವಾಗಿತ್ತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ‘ಕನ್ನಡ’ ಎಂಬ ಮಾತು ಅದರಂತೆ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳಾಗಿ ನಿಲ್ಲುತ್ತದೆ. ನಡುವಣ 3277 ಎರಡು ನಕಾರಗಳನ್ನು ಬೆಸೆಯುವ ಚಿಹ್ನೆ. ಈ ಸಂಖ್ಯೆಗಳು ನಾಗಮಂಗಲದಲ್ಲಿಯೂ ಇವೇ, ನ್ಯೂಯಾರ್ಕಿನಲ್ಲಿಯೂ ಇವೇ. ಹೀಗೆ ಅಕ್ಷರದ ಸಂಖ್ಯೆಗೆ ಇದ್ದ ಬೀಗ ತೆರೆಯಿತು.

ಆದರೆ ಅಕ್ಷರವನ್ನು ನಡೆಸುವ ತಂತ್ರಾಂಶದ ಮಾತೇನು? ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಕಬ್ಬಿನ ಸೀಮೆಯವರಿಗೆ ಆಲೆಮನೆ ಹೊಸದಲ್ಲ. ಬೆಲ್ಲದ ಅಚ್ಚನ್ನು ಕೊಂಡವನು ಅದನ್ನು ತಿನ್ನಬಹುದು. ಆದರೆ ಹಾಲು ಎಷ್ಟು ಹೊತ್ತು ಕುದಿಯಿತು, ಸುಣ್ಣ ಎಷ್ಟು ಬಿದ್ದಿತು, ಕೊಪ್ಪರಿಗೆಯನ್ನು ಯಾವ ಹದದಲ್ಲಿ ಇಳಿಸಿದರು ಎಂಬುದನ್ನು ಅಚ್ಚನ್ನು ನೋಡಿ ತಿಳಿಯಲಾಗದು. ತಂತ್ರಾಂಶವೂ ಹೀಗೆಯೇ. ಬಳಸುವವನ ಕೈಗೆ ಬರುವುದು ಅಚ್ಚು. ಅದನ್ನು ಮಾಡಿದ ಕ್ರಮವೇ ಅದರ ಮೂಲ ಬರಹ. ಈ ಮೂಲ ಬರಹವನ್ನು ಮುಚ್ಚಿಟ್ಟರೆ, ದೋಷ ಕಂಡಾಗ ತಯಾರಿಸಿದವರನ್ನೇ ಕಾಯಬೇಕು. ಬೆಲೆಯಿಲ್ಲದೆ ಸಿಕ್ಕಿದುದೆಲ್ಲವೂ ಮುಕ್ತವೆಂದು ತಿಳಿಯುವುದು ಸರಿಯಲ್ಲ. ಬೆಲ್ಲವನ್ನು ದಾನವಾಗಿ ಪಡೆದವನಿಗೂ ಪಾಕದ ಗುಟ್ಟು ತಿಳಿಯದಿರಬಹುದಷ್ಟೆ.

ಮೂಲ ಬರಹವನ್ನು ಎಲ್ಲರಿಗೂ ತೆರೆದಿಡಬೇಕೆಂಬ ಚಳವಳಿಗೆ ಪ್ರೇರಣೆಯಾದುದು ಒಂದು ಸಣ್ಣ ಘಟನೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬಾತನು ಮೇಲಿಂದ ಮೇಲೆ ಕೆಡುತ್ತಿದ್ದ ಮುದ್ರಕಯಂತ್ರದ ತಂತ್ರಾಂಶವನ್ನು ತಿದ್ದಬಯಸಿದನು. ಅದರ ಮೂಲ ಬರಹವನ್ನು ಅವನಿಗೆ ಕೊಡಲಿಲ್ಲ. ತಿದ್ದಬಲ್ಲವನ ಕೈಯನ್ನು ಕಟ್ಟಿಹಾಕುವುದು ನ್ಯಾಯವಲ್ಲವೆಂದು ಬಗೆದ ಅವನು 1983ರಲ್ಲಿ ಮುಕ್ತ ತಂತ್ರಾಂಶದ ಯೋಜನೆಯೊಂದನ್ನು ಘೋಷಿಸಿದನು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದಿ ತಿಳಿಯುವ, ಇತರರಿಗೆ ಹಂಚುವ ಹಾಗೂ ತಿದ್ದಿ ಕೊಡುವ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕೆಂಬುದು ಅವನ ಮತ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ತಂತ್ರಾಂಶವನ್ನು ಪ್ರಕಟಿಸಿದನು. ಜಗತ್ತಿನ ನಾನಾ ಭಾಗದವರು ಕೂಡಿ ಬೆಳೆಸಿದ ಆ ಲಿನಕ್ಸಿನ ತಿರುಳೇ ಇಂದು ಆಂಡ್ರಾಯ್ಡ್ ಮೊಬೈಲ್ ಫೋನುಗಳಲ್ಲಿಯೂ ಇದೆ. ಹೊಲದ ಬದುವಿನ ಮೇಲೆ ಕುಳಿತು ಮಳೆಯ ಮುನ್ಸೂಚನೆಯನ್ನು ನೋಡುವ ರೈತನು ತನಗರಿವಿಲ್ಲದೆಯೇ ಈ ಸಹಕಾರದ ಫಲವನ್ನು ಉಣ್ಣುತ್ತಿದ್ದಾನೆ.

ಈ ಭಾವನೆ ಪರದೇಶದಿಂದ ಬಂದ ಹೊಸತೆಂದು ಭಾವಿಸಬೇಕಾಗಿಲ್ಲ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಓಲೆಗರಿಯ ಹಸ್ತಪ್ರತಿಗಳನ್ನು ಕಾಪಾಡಲಾಗಿದೆ. ಅಂಥ ಪ್ರತಿಗಳು ನಮ್ಮ ಕಾಲದವರೆಗೆ ಉಳಿದು ಬಂದುದು ಹೇಗೆ? ಒಬ್ಬನು ಬರೆದುದನ್ನು ಮತ್ತೊಬ್ಬನು ಪ್ರತಿ ಮಾಡಿದನು. ಊರೂರು ಅಲೆದು ಅದು ಹಲವರ ಕೈ ಸೇರಿತು. ತಪ್ಪಿದ್ದರೆ ತಿದ್ದಿ ಓದಬೇಕೆಂದು ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬೇಡಿಕೊಳ್ಳುವುದುಂಟು. ಓದು, ಪ್ರತಿಮಾಡು, ತಿದ್ದು, ಮುಂದಿನವನಿಗೆ ಕೊಡು—ಮುಕ್ತ ತಂತ್ರಾಂಶದ ಧರ್ಮವೂ ಇದೇ.

ಕನ್ನಡಿಗರೂ ಈ ಧರ್ಮವನ್ನು ಪಾಲಿಸಿದ್ದಾರೆ. ‘ಕೇದಗೆ’, ‘ಮಲ್ಲಿಗೆ’, ‘ಗುಬ್ಬಿ’, ‘ನವಿಲು’ ಎಂಬ ಚೆಲುವಾದ ಹೆಸರಿನ ಅಕ್ಷರವಿನ್ಯಾಸಗಳನ್ನು ಯಾರು ಬೇಕಾದರೂ ಬಳಸಿ ಹಂಚಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಎಂಬ ವಿಶ್ವಕೋಶವು ಮುಕ್ತ ತಂತ್ರಾಂಶದ ಮೇಲೆಯೇ ನಿಂತಿದೆ. ಅದರ ಲೇಖನಗಳನ್ನು ಬರೆದವರು ಸಂಬಳವಿಲ್ಲದೆ ದುಡಿದ ಸಾಮಾನ್ಯರು. ನೆರೆಯ ಕೇರಳ ರಾಜ್ಯವು ತನ್ನ ಶಾಲೆಗಳ ಗಣಕ ಶಿಕ್ಷಣಕ್ಕೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಮುಚ್ಚಿದ ತಂತ್ರಾಂಶಗಳನ್ನು ಮಾರುವ ದೊಡ್ಡ ಸಂಸ್ಥೆಗಳಿಂದಲೂ ಕನ್ನಡಕ್ಕೆ ಉಪಕಾರವಾಗಿದೆ ಎಂಬುದನ್ನು ಮರೆಯಬಾರದು. ಮುಕ್ತವಾದ ಮಾತ್ರಕ್ಕೆ ಎಲ್ಲವೂ ನಿರ್ದುಷ್ಟವೆಂದೂ ಅಲ್ಲ. ಜಗತ್ತಿನ ಅಸಂಖ್ಯ ಗಣಕಗಳ ಗುಟ್ಟನ್ನು ಕಾಯುತ್ತಿದ್ದ ‘ಓಪನ್ ಎಸ್ಎಸ್ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ನುಸುಳಿದ ಒಂದು ದೋಷ 2014ರವರೆಗೆ ಬೆಳಕಿಗೆ ಬರಲಿಲ್ಲ. ಮೂಲ ಬರಹ ಎಲ್ಲರ ಕಣ್ಣೆದುರಿಗೇ ಇತ್ತು. ಆದರೆ ಬಳಸುವವರು ಕೋಟ್ಯಂತರ, ಕಾಯುವವರು ಬೆರಳೆಣಿಕೆಯಷ್ಟು ಮಂದಿ. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯಂಥ ಪುರಾತನ ಕೆರೆಗಳು ಉಳಿಯುವುದು ಏರಿಯನ್ನು ಕಾಯುವವರು, ತೂಬನ್ನು ನೋಡಿಕೊಳ್ಳುವವರು, ಹೂಳನ್ನು ತೆಗೆಯುವವರು ಇದ್ದಾಗ ಮಾತ್ರ. ಎಲ್ಲರ ಸೊತ್ತು ಎಂದರೆ ಎಲ್ಲರ ಹೊಣೆ ಎಂದೇ ಅರ್ಥ.

‘ಅಕ್ಷರ’ ಎಂಬ ಮಾತಿಗೆ ನಾಶವಿಲ್ಲದುದು ಎಂಬ ಅರ್ಥವಿದೆ. ಓಲೆಗರಿಯ ಮೇಲೆ ಬರೆದುದನ್ನು ಲಿಪಿ ಬಲ್ಲವನು ಇಂದಿಗೂ ಓದಬಲ್ಲನು. ಗಣಕದಲ್ಲಿ ಬರೆದುದು ಇಪ್ಪತ್ತು ವರ್ಷಗಳಲ್ಲಿಯೇ ಓದಲಾಗದಂತಾದರೆ ಅದಕ್ಕೆ ಆ ಹೆಸರು ಒಪ್ಪುವುದೆ? ಅಂಥ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಇಂದಿನ ವಿದ್ಯಾರ್ಥಿಗಳ ಕೈಯಲ್ಲಿದೆ. ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯುವುದು, ಕಂಡ ತಪ್ಪನ್ನು ತಯಾರಕರಿಗೆ ತಿಳಿಸುವುದು, ತಮ್ಮ ಊರಿನ ಕೆರೆ, ದೇಗುಲ, ಹಾಡು, ಕಥೆಗಳನ್ನು ಕುರಿತು ವಿಶ್ವಕೋಶದಲ್ಲಿ ನಾಲ್ಕು ಸಾಲು ಸರಿಯಾಗಿ ಬರೆಯುವುದು—ಇವೆಲ್ಲ ಒಂಬತ್ತನೆಯ ತರಗತಿಯವರೂ ಮಾಡಬಲ್ಲ ಕೆಲಸಗಳು. ಹಿರಿಯರಿಂದ ಬೀಗವಿಲ್ಲದೆ ಬಂದ ಅಕ್ಷರವನ್ನು ಕಿರಿಯರಿಗೂ ಬೀಗವಿಲ್ಲದೆಯೇ ಒಪ್ಪಿಸಬೇಕು.

ಶಬ್ದಾರ್ಥ

ಊಳಿಗ – ಸೇವೆ
ಪಹಣಿ – ಜಮೀನಿನ ಹಕ್ಕು, ಬೆಳೆಗಳ ವಿವರವಿರುವ ದಾಖಲೆ
ಕೊಪ್ಪರಿಗೆ – ಕಬ್ಬಿನ ಹಾಲನ್ನು ಕಾಯಿಸುವ ದೊಡ್ಡ ಪಾತ್ರೆ
ಲಿಪಿಕಾರ – ಗ್ರಂಥವನ್ನು ಪ್ರತಿ ಮಾಡಿ ಬರೆಯುವವನು
ನಿರ್ದುಷ್ಟ – ದೋಷವಿಲ್ಲದ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೆ. ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ಯಾರ ಹೆಸರನ್ನಿಟ್ಟರು?
2. ಯೂನಿಕೋಡಿನಲ್ಲಿ ಕನ್ನಡಕ್ಕೆ ಎಷ್ಟು ಸ್ಥಾನಗಳಿವೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿಂದೆ ಒಂದು ಗಣಕದಲ್ಲಿ ಬರೆದ ಕನ್ನಡವನ್ನು ಮತ್ತೊಂದರಲ್ಲಿ ಓದಲಾಗದಿದ್ದುದಕ್ಕೆ ಕಾರಣವೇನು?
2. ತಂತ್ರಾಂಶವನ್ನು ಬೆಲ್ಲದ ಅಚ್ಚಿಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿರಿ.
3. ‘ಎಲ್ಲರ ಸೊತ್ತು ಎಂದರೆ ಎಲ್ಲರ ಹೊಣೆ’—ಈ ಮಾತನ್ನು ಸಮರ್ಥಿಸಿರಿ.

ಇ. ಭಾಷಾಭ್ಯಾಸ
ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಅಕ್ಷರಾಭ್ಯಾಸ, ಮಹೋಪಕಾರ, ಊರೂರು.