ತಾರಸಿಯ ಬಿಸಿಲು, ಅರ್ಜಿಯ ದಿನಾಂಕ

ನಮ್ಮ ಊರುಗಳಲ್ಲಿ ಸೋಲಾರ್ ಎಂದರೆ ಬಹುಕಾಲ ಬಿಸಿನೀರು ಎಂದೇ ಅರ್ಥವಿತ್ತು. ತಾರಸಿಯ ಮೇಲೆ ಅದನ್ನು ಕೂರಿಸಲು ಮನೆಯ ಯಜಮಾನ ವಿದ್ಯುತ್ ಕಂಪನಿಯ ಬಾಗಿಲಿಗೆ ಹೋಗಬೇಕಿರಲಿಲ್ಲ. ಕರೆಂಟು ತಯಾರಿಸುವ ಫಲಕದ ಮಾತು ಬೇರೆ. ಹಗಲು ಮನೆಗೆ ಬಳಸಿ ಮಿಕ್ಕಿದ್ದನ್ನು ಅದು ಬೀದಿಯ ತಂತಿಗೆ ಹರಿಸುತ್ತದೆ. ರಾತ್ರಿಗೆ ಬೇಕಾದದ್ದು ಅದೇ ತಂತಿಯಿಂದ ಮನೆಗೆ ಬರುತ್ತದೆ. ಆದ್ದರಿಂದ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್‌ಗಳಲ್ಲಿ ನಿಮ್ಮ ಊರಿನದು ಯಾವುದೋ ಅದು ಈ ವ್ಯವಹಾರದೊಳಗೆ ಬಂದೇ ಬರುತ್ತದೆ. ಇಲ್ಲಿಂದಲೇ ಒಂದು ತಪ್ಪು ತಿಳಿವಳಿಕೆಯೂ ಶುರುವಾಗುತ್ತದೆ. ‘ಅವರು ಒಪ್ಪಿದರೆ ಹಾಕಿಸೋಣ’ ಎಂದು ಜನ ಅದನ್ನು ದಯೆಯ ವಿಷಯ ಮಾಡಿಕೊಳ್ಳುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯಡಿ ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ಹೊರಡಿಸಿದ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು ಕರೆಂಟನ್ನು ಬಳಸುತ್ತಲೇ ತಯಾರಿಸುವವರನ್ನು ‘ಪ್ರೊಸ್ಯೂಮರ್’ ಎಂದು ಗುರುತಿಸುತ್ತವೆ. ಅವರಿಗೆ ಸಾಮಾನ್ಯ ಗ್ರಾಹಕರ ಎಲ್ಲ ಹಕ್ಕುಗಳೂ ಉಳಿಯುತ್ತವೆ; ಜೊತೆಗೆ ತಾವೇ ಆಗಲಿ, ಸೇವಾದಾರರ ಮೂಲಕವಾಗಲಿ ಫಲಕ ಅಳವಡಿಸಿಕೊಳ್ಳುವ ಹಕ್ಕೂ ಸಿಗುತ್ತದೆ.

2024ರ ಫೆಬ್ರುವರಿಯ ತಿದ್ದುಪಡಿ ಈ ಹಕ್ಕಿಗೆ ಬಲ ತಂದಿತು. 10 ಕಿಲೋವ್ಯಾಟ್‌ವರೆಗಿನ ಅರ್ಜಿ ಎಲ್ಲ ವಿವರಗಳೊಂದಿಗೆ ಸರಿಯಾಗಿದ್ದರೆ, ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಇಲ್ಲದೆಯೇ ಅದು ಅಂಗೀಕಾರವಾದಂತೆ. ಸಾಮಾನ್ಯ ಮನೆಗಳಿಗೆ 2ರಿಂದ 5 ಕಿಲೋವ್ಯಾಟ್ ಸಾಕಾಗುವುದರಿಂದ ಬಹುತೇಕ ಎಲ್ಲ ಮನೆಗಳೂ ಈ ಮಿತಿಯೊಳಗೆ ಬರುತ್ತವೆ. ಮಂಜೂರಾದ ಲೋಡ್ ಕಡಿಮೆಯಿದ್ದರೆ ಅದನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸುವ ಕೆಲಸವೂ ಕಂಪನಿಯದೇ. ‘ನಿಮ್ಮ ಬೀದಿಯ ಟಿ.ಸಿ. ಸಾಲದು, ಬದಲಾಯಿಸಲು ಹಣ ಕಟ್ಟಿ’ ಎಂಬ ಮಾತಿಗೂ ನಿಯಮದಲ್ಲಿ ಉತ್ತರವಿದೆ: 5 ಕಿಲೋವ್ಯಾಟ್‌ವರೆಗಿನ ಫಲಕಕ್ಕಾಗಿ ಟ್ರಾನ್ಸ್‌ಫಾರ್ಮರನ್ನೋ ತಂತಿಯನ್ನೋ ಬಲಪಡಿಸಬೇಕಾಗಿ ಬಂದರೆ ಆ ಖರ್ಚು ಕಂಪನಿಯ ಲೆಕ್ಕಕ್ಕೆ ಸೇರುತ್ತದೆ, ನಿಮ್ಮ ಲೆಕ್ಕಕ್ಕಲ್ಲ. 10 ಕಿಲೋವ್ಯಾಟ್ ಮೀರಿದ ಅರ್ಜಿಯ ಪರಿಶೀಲನೆಗೆ 15 ದಿನ ಇದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅದೂ ಅಂಗೀಕಾರವಾದಂತೆಯೇ. ಫಲಕ ಕೂರಿಸಿದ ಮೇಲೆ ಅಳವಡಿಕೆಯ ಪ್ರಮಾಣಪತ್ರ ಸಲ್ಲಿಸಿದ ದಿನದಿಂದ 15 ದಿನಗಳೊಳಗೆ ಒಪ್ಪಂದಕ್ಕೆ ಸಹಿ, ಮೀಟರ್ ಜೋಡಣೆ, ಚಾಲನೆ ಮೂರೂ ಮುಗಿಯಬೇಕು. ಮೊದಲು ಇದಕ್ಕೆ 30 ದಿನಗಳ ಗಡುವಿತ್ತು. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 500 ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ ಕೊಡುವ ಹೊಣೆ ಕಂಪನಿಯ ಮೇಲಿದೆ.

ಇಷ್ಟೆಲ್ಲ ಬರೆದಿಟ್ಟಿದ್ದರೂ ಫಲಕ ಬಿಸಿಲಲ್ಲಿ ಒಣಗುತ್ತಾ ಮೀಟರಿಗಾಗಿ ಕಾಯುವ ಸ್ಥಿತಿ ಏಕೆ ಬರುತ್ತದೆ? ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ, ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರ ಕೈಯಲ್ಲಿ ಅರ್ಜಿಯ ದಿನಾಂಕಗಳೇ ಇರುವುದಿಲ್ಲ ಎಂಬುದು. ಫಲಕ ಮಾರುವವರೇ ಅರ್ಜಿ ತುಂಬುತ್ತಾರೆ, ಅವರ ಮೊಬೈಲಿಗೇ ಒಟಿಪಿ ಹೋಗುತ್ತದೆ, ಪ್ರಮಾಣಪತ್ರವನ್ನೂ ಅವರೇ ಸಲ್ಲಿಸುತ್ತಾರೆ ಅಥವಾ ಸಲ್ಲಿಸಿದ್ದೇವೆ ಎನ್ನುತ್ತಾರೆ. ಗಡುವಿನ ಲೆಕ್ಕ ಶುರುವಾಗುವುದು ಆ ಸಲ್ಲಿಕೆಯ ದಿನದಿಂದ. ಆ ದಿನ ಯಾವುದೆಂದು ತೋರಿಸಲಾಗದವರು ತಡವಾಯಿತೆಂದು ದೂರುವುದು ಹೇಗೆ? ಮಾರಾಟಗಾರರ ನೆರವು ಬೇಡವೆಂದಲ್ಲ. ತಾಂತ್ರಿಕ ಕಾಗದಪತ್ರ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇರಲಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಮತ್ತು ಹೆಸರು ನಿಮ್ಮ ಗುರುತಿನ ದಾಖಲೆಗಳಿಗೆ ಹೊಂದುತ್ತವೆಯೇ ಎಂದು ಮೊದಲೇ ನೋಡಿ. ತೀರಿಹೋದ ತಂದೆಯ ಹೆಸರಿನಲ್ಲೇ ಮೀಟರ್ ಉಳಿದಿದ್ದರೆ ಹೆಸರು ಬದಲಾವಣೆ ಮುಗಿಸಿಕೊಂಡೇ ಅರ್ಜಿ ಹಾಕುವುದು ಒಳ್ಳೆಯದು, ಏಕೆಂದರೆ ದೋಷವಿರುವ ಅರ್ಜಿಗೆ ತಾನೇ ಅಂಗೀಕಾರವಾಗುವ ಸವಲತ್ತು ಇಲ್ಲ. ಪ್ರತಿಯೊಂದು ಸಲ್ಲಿಕೆಗೂ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ದಿನಕ್ಕೆ 500 ರೂಪಾಯಿಗಾಗಿ ದಿನವೂ ಮುಖ ನೋಡಬೇಕಾದ ಕಚೇರಿಯೊಂದಿಗೆ ಜಗಳವೇಕೆ ಎಂದು ಕೇಳುವವರಿದ್ದಾರೆ. ಆ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಬರಹದಲ್ಲಿ ಕೇಳುವುದು. ಇಂಥ ದಿನ ಪ್ರಮಾಣಪತ್ರ ಸಲ್ಲಿಸಿದೆ, 15 ದಿನ ಕಳೆಯಿತು, ತಡಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದು ಉಪವಿಭಾಗದ ಕಚೇರಿಗೆ ಕೊಟ್ಟ ನಾಲ್ಕು ಸಾಲಿನ ಪತ್ರ, ಹತ್ತು ಸಲ ಅಲೆದದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅದಕ್ಕೂ ಫಲ ಸಿಗದಿದ್ದರೆ ವಿದ್ಯುತ್ ಕಾಯ್ದೆಯ 42ನೇ ಕಲಮಿನಡಿ ಇರುವ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಹೋಗಬಹುದು. ದೂರು ಇತ್ಯರ್ಥಕ್ಕೆ ನಿಯಮಗಳು ಇಟ್ಟಿರುವ ಗರಿಷ್ಠ ಅವಧಿ 45 ದಿನ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಇಲ್ಲೆಲ್ಲ ವಕೀಲರೇ ಬೇಕೆಂದಿಲ್ಲ. ದಿನಾಂಕ ಹೊತ್ತ ಕಾಗದ ಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಸ್ವಂತ ತಾರಸಿ ಇದ್ದವರು ಬಿಲ್ ಇಳಿಸಿಕೊಂಡರೆ ಕಂಬ, ತಂತಿ, ಟಿ.ಸಿ.ಗಳ ಖರ್ಚು ಬಾಡಿಗೆ ಮನೆಯವರ, ಬಡವರ ಮೇಲೆ ಬೀಳುವುದಿಲ್ಲವೇ? ಟಿ.ಸಿ. ಬಲಪಡಿಸಿದ ಖರ್ಚು ಕಂಪನಿಯ ಲೆಕ್ಕಕ್ಕೆ ಸೇರಿದ ಮೇಲೆ ಕೊನೆಗೆ ಎಲ್ಲ ಗ್ರಾಹಕರ ದರದಲ್ಲೇ ಹಂಚಿಹೋಗುತ್ತದೆ ಎಂಬುದೂ ನಿಜ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಫಲಕ ಹಾಕಿಸಿದವರೂ ನಿಗದಿತ ಶುಲ್ಕ ಕಟ್ಟುತ್ತಲೇ ಇರುತ್ತಾರೆ, ಬಳಸುವಲ್ಲೇ ತಯಾರಾದ ಕರೆಂಟು ದೂರದಿಂದ ಹರಿದು ಬರುವಾಗಿನ ಸೋರಿಕೆಯನ್ನು ಉಳಿಸುತ್ತದೆ. ಹೊರೆಯ ಹಂಚಿಕೆ ಸರಿಯೇ ಎಂಬುದನ್ನು ಪರಿಶೀಲಿಸಬೇಕಾದ ಜಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ವಿಚಾರಣೆ. ಯಾವ ನಾಗರಿಕರೂ ಅಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಒಬ್ಬರ ಅರ್ಜಿಯನ್ನು ಮೇಜಿನ ಮೇಲೆ ಕೊಳೆಹಾಕುವುದು ಆ ನ್ಯಾಯವನ್ನು ಒದಗಿಸುವ ದಾರಿಯಲ್ಲ.

ಗೃಹಜ್ಯೋತಿಯಲ್ಲಿ ಬಿಲ್ಲೇ ಬರದ ಮನೆಗೆ ಫಲಕ ಹಾಕಿಸುವ ಅವಸರವಿಲ್ಲ ಎಂಬುದನ್ನು ಒಪ್ಪುತ್ತೇನೆ. ತಿಂಗಳಿಗೆ 200 ಯೂನಿಟ್ ದಾಟುವವರ ಲೆಕ್ಕ ಬೇರೆ. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಆ ಹಣ ಚಾಲನೆಯಾದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ, ಫಲಕಗಳು ದೇಶದಲ್ಲೇ ತಯಾರಾದವಾಗಿರಬೇಕು, ಮಾರಾಟಗಾರರು ಯೋಜನೆಯಡಿ ನೋಂದಾಯಿತರಾಗಿರಬೇಕು. ‘ಸಹಾಯಧನ ಮಂಜೂರು ಮಾಡಿಸಲು’ ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮಾರಾಟಗಾರರೊಂದಿಗಿನ ಒಪ್ಪಂದದಲ್ಲಿ ಫಲಕದ ತಯಾರಕರು, ಸಾಮರ್ಥ್ಯ, ಇನ್ವರ್ಟರ್ ಮಾದರಿ, ಐದು ವರ್ಷದ ನಿರ್ವಹಣೆ, ಕಂತುಗಳ ಕ್ರಮ ಎಲ್ಲ ಬರೆದಿರಲಿ. ಕೊನೆಯ ಕಂತನ್ನು ಚಾಲನೆಯಾಗುವವರೆಗೆ ಉಳಿಸಿಕೊಳ್ಳುವ ಷರತ್ತು ಹಾಕಿಸಿ. ಸೇವೆಯಲ್ಲಿ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಮಾರಾಟಗಾರರು ಬೇರೆ ಊರಿನವರಾಗಿದ್ದರೂ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇನ್ನೊಂದು ಮಾತನ್ನೂ ಮುಂಚೆಯೇ ಕೇಳಿ ತಿಳಿದುಕೊಳ್ಳಿ: ಬ್ಯಾಟರಿ ಇಲ್ಲದ ಸಾಮಾನ್ಯ ವ್ಯವಸ್ಥೆ, ಬೀದಿಯ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿ ರಿಪೇರಿ ಮಾಡುವ ಲೈನ್‌ಮನ್ನರ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು, ಅದು ದೋಷವಲ್ಲ.

ಕಾನೂನು ಅಷ್ಟಾಗಿ ಜೊತೆ ನಿಲ್ಲದ ಜಾಗಗಳೂ ಇವೆ. ಅಪಾರ್ಟ್‌ಮೆಂಟಿನ ಛಾವಣಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಎಲ್ಲರ ಆಸ್ತಿ. ಮೇಲಿನ ಮಹಡಿಯವರೆಂಬ ಕಾರಣಕ್ಕೆ ಅದು ನಿಮ್ಮದಾಗುವುದಿಲ್ಲ, ಸಂಘದ ಲಿಖಿತ ಠರಾವು ಬೇಕು. ಪಕ್ಕದ ಖಾಲಿ ನಿವೇಶನದಲ್ಲಿ ನಾಳೆ ಮೂರಂತಸ್ತು ಎದ್ದು ಫಲಕಕ್ಕೆ ನೆರಳು ಬಿದ್ದರೆ ನೆಚ್ಚಬಹುದಾದ ನೇರ ಕಾನೂನು ನಮ್ಮಲ್ಲಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ, ಕಟ್ಟಡಕ್ಕೆ 20 ವರ್ಷ ಅಡ್ಡಿಯಿಲ್ಲದೆ ಬಂದ ಬೆಳಕಿಗೆ ರಕ್ಷಣೆ ಕೊಡುತ್ತದೆ. ಕಳೆದ ವರ್ಷ ಕೂರಿಸಿದ ಫಲಕಕ್ಕೆ ಅದು ಆಸರೆಯಾಗದು. ಆದ್ದರಿಂದ ಹಣ ಕಟ್ಟುವ ಮೊದಲು ದಕ್ಷಿಣ ದಿಕ್ಕಿನ ನಿವೇಶನ ಯಾರದು, ಅಲ್ಲಿ ಎಷ್ಟು ಎತ್ತರ ಕಟ್ಟಲು ಅವಕಾಶವಿದೆ ಎಂಬುದನ್ನು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳಿ.