ಕುಡಿತ ತಗ್ಗಿಸಬೇಕೆ? ಮೊದಲು ದಾರಿ ಬದಲಿಸಿ

ಕುಡಿತ ಬಿಡಬೇಕೆನ್ನುವವರಿಗೆ ಎಲ್ಲರೂ ಹೇಳುವುದು ಒಂದೇ: ಮನಸ್ಸು ಗಟ್ಟಿ ಮಾಡ್ಕೋ. ಬೆಂಗಳೂರಿನಂಥ ಊರಿನಲ್ಲಿ ಇದು ಅರ್ಧ ಸಲಹೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೆಂದು ಬಸ್ಸಿಳಿದವನ ಎದುರಿಗೇ ವೈನ್ಸ್ ಅಂಗಡಿ. ಜಾಲರಿಯ ಕಿಂಡಿಯೊಳಗೆ ನೋಟು ಹೋದರೆ ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ ಹೊರಬರುತ್ತವೆ. ಅರ್ಧ ನಿಮಿಷದ ವ್ಯವಹಾರ. ಪೀಜಿ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ. ಇವೆಲ್ಲದರ ಎದುರು ಬರೀ ಮನಸ್ಸನ್ನು ಕಾದಾಟಕ್ಕೆ ಬಿಡುವುದು ಅನ್ಯಾಯ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಅಧ್ಯಯನ ಮಾಡಿದರು. ತಾಯ್ನಾಡಿಗೆ ಮರಳಿದ ಮೇಲೆ ಅವರಲ್ಲಿ ಬಹುಪಾಲು ಜನ ಮತ್ತೆ ಚಟಕ್ಕೆ ಬೀಳಲಿಲ್ಲ. ಹೆರಾಯಿನ್ ಬೇರೆ, ಹೆಂಡ ಬೇರೆ, ನಿಜ. ಆದರೆ ಜಾಗ ಬದಲಾದರೆ ಚಟದ ಹಿಡಿತವೂ ಸಡಿಲವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಕಡಿಮೆ.

ಹಳ್ಳಿಯಲ್ಲಿ ಕುಡಿಯುವುದಿಲ್ಲವೇ ಎಂದು ಕೇಳಬಹುದು. ಹೆಚ್ಚೇ ಕುಡಿಯುತ್ತಾರೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ 19.9ರಷ್ಟು, ನಗರಗಳಲ್ಲಿ ಶೇ 16.5ರಷ್ಟು ಗಂಡಸರು ಕುಡಿಯುವವರು. ನಗರವೇ ಕುಡುಕರನ್ನು ಹುಟ್ಟಿಸುತ್ತದೆ ಎಂಬ ವಾದ ಇಲ್ಲಿಗೆ ಮುಗಿಯಿತು. ಆದರೆ ಹಳ್ಳಿಯಲ್ಲಿ ತೂರಾಡಿದವನನ್ನು ಊರು ನೋಡುತ್ತದೆ, ಬೈಯುತ್ತದೆ. ಬಾಗಿಲು ಹಾಕಿಕೊಂಡ ನಗರದ ಕೋಣೆಯಲ್ಲಿ ತೊಂಬತ್ತು ಎಂಎಲ್ ನೂರೆಂಬತ್ತಾದದ್ದು ಯಾರಿಗೂ ತಿಳಿಯದು. ಅಕ್ಕಪಕ್ಕದವರ ಆ ಕೆಲಸವನ್ನು ನೀವೇ ಮಾಡಿಕೊಳ್ಳುವುದು ಮೊದಲ ಹೆಜ್ಜೆ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಎಷ್ಟು. ಶೇ 42.8ರ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಎಂಎಲ್‌ನಲ್ಲಿ, ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ; 10 ಗ್ರಾಮಿಗೆ ಒಂದು ಡ್ರಿಂಕ್ ಎಂಬ ಲೆಕ್ಕದಲ್ಲಿ ‘ಒಂದೇ ಕ್ವಾರ್ಟರ್’ ಎಂದರೆ ಆರು.

ಚೀಟಿ ನೋಡಿದರೆ ಹೆಚ್ಚಿನವರಿಗೆ ಒಂದೆರಡು ಜಾಗ, ಒಂದು ಹೊತ್ತು ಎದ್ದು ಕಾಣುತ್ತದೆ. ಎರಡನೆಯ ಹೆಜ್ಜೆ ಅದನ್ನೇ ತಪ್ಪಿಸುವುದು: ಒಂದು ಸ್ಟಾಪ್ ಮೊದಲೇ ಇಳಿಯಿರಿ, ಆಫೀಸು ಬಿಡುವ ಮುಂಚೆ ಏನಾದರೂ ತಿನ್ನಿ, ಮನೆಯಲ್ಲಿ ಬಾಟಲಿ ಇಡಬೇಡಿ. ಆ ಹೊತ್ತನ್ನು ಖಾಲಿ ಬಿಟ್ಟರೆ ಮಾತ್ರ ಕೆಟ್ಟಿತು. ಷಟಲ್ ಕೋರ್ಟೋ, ಅಮ್ಮನಿಗೆ ಫೋನೋ, ಬೇರೆಯವರು ಕಾಯುವಂಥದ್ದೇನಾದರೂ ಅಲ್ಲಿರಲಿ. ಕುಡಿದರೆ ತಾನೇ ಟೆನ್ಷನ್ ಇಳಿಯುವುದು ಎನ್ನುವವರಿಗೆ ಉತ್ತರವೂ ಚೀಟಿಯಲ್ಲೇ ಇದೆ, ಬೆಳಗಿನ ಮನಸ್ಥಿತಿಯನ್ನೂ ಬರೆದಿಟ್ಟರೆ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ನಡುರಾತ್ರಿ ಕೆಡಿಸುತ್ತದೆ. ಮರುದಿನದ ಚಡಪಡಿಕೆಯೇ ಸಂಜೆಗೆ ಮತ್ತೊಂದು ನೆಪ.

ಇದು ಎಲ್ಲರಿಗೂ ಹೇಳಿದ ಮಾತಲ್ಲ. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅವರು ವೈದ್ಯರನ್ನು ಕಂಡೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ. ಅವರು ಮೊದಲು ಕೇಳುವುದು ಅದರಲ್ಲಿರುವುದನ್ನೇ.