ನರದ ಹೊದಿಕೆಯೂ ನಡುಗುವ ಇಲಿಯೂ

ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಅಷ್ಟುದ್ದದ ನರತಂತುವೊಂದಿದೆಯೆಂದು ಭಾವಿಸೋಣ. ಮಯಲಿನ್ ಎಂಬ ಕೊಬ್ಬುಳ್ಳ ಹೊದಿಕೆಯಿರುವ ದಪ್ಪ ತಂತುವಿನಲ್ಲಿ ಸಂದೇಶವು ಸೆಕೆಂಡಿಗೆ 100 ಮೀಟರಿನಷ್ಟು ವೇಗದಿಂದ ಸಾಗಬಲ್ಲುದು. ಎರಡು ನಿಮಿಷಗಳಲ್ಲಿ ಬಹುಮಟ್ಟಿಗೆ ಹಂಪೆಯನ್ನು ಮುಟ್ಟುವುದು. ಹೊದಿಕೆಯಿಲ್ಲದ ತೆಳು ತಂತುವಿನಲ್ಲಾದರೆ ವೇಗವು ಸೆಕೆಂಡಿಗೆ ಸುಮಾರು ಒಂದು ಮೀಟರು ಮಾತ್ರ. ಕಾಲುನಡಗೆಯಲ್ಲಿ ಹೊರಟವನೇ ಅದಕ್ಕಿಂತ ಮೊದಲು ವಿರೂಪಾಕ್ಷನ ಗುಡಿಯನ್ನು ಸೇರುವನು! ಹೊದಿಕೆಯಲ್ಲಿ ಅಲ್ಲಲ್ಲಿ ತೆರಪುಗಳಿವೆ; ಸಂದೇಶವು ಒಂದು ತೆರಪಿನಿಂದ ಮತ್ತೊಂದಕ್ಕೆ ನೆಗೆಯುವುದೇ ವೇಗದ ಗುಟ್ಟು.

ಈ ಹೊದಿಕೆಯು ಸರಿಯಾಗಿ ಮೂಡದಿದ್ದರೆ ಏನಾಗುವುದು? ಅದನ್ನು ‘ಷಿವರರ್’, ಎಂದರೆ ನಡುಗುವ, ಇಲಿಗಳಲ್ಲಿ ನಾವು ಕಾಣುತ್ತೇವೆ. ಮಯಲಿನ್ ಪದರಗಳನ್ನು ಒತ್ತಾಗಿ ಹಿಡಿದಿಡುವ ಪ್ರೋಟೀನಿನ ಜೀನು ಇವುಗಳಲ್ಲಿ ಬಹುಪಾಲು ಲೋಪವಾಗಿದೆ. ಮಿದುಳು ಮತ್ತು ಬೆನ್ನುಹುರಿಗಳ ತಂತುಗಳು ಬರಿದಾಗಿ ಉಳಿಯುವುವು. ಹುಟ್ಟಿದ ಎರಡು ವಾರಗಳ ಹೊತ್ತಿಗೆ ಮರಿಗಳು ನಡುಗತೊಡಗುವುವು. ಬಳಿಕ ಸೆಳವು ಬಂದು ಕೆಲವೇ ತಿಂಗಳುಗಳಲ್ಲಿ ಸಾಯುವುವು.

1987ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ಫಲಿತ ಅಂಡಗಳಿಗೆ ಆ ಜೀನನ್ನು ಸೇರಿಸಿ ತಳಿಯನ್ನು ಬೆಳೆಸಿದರು. ಪ್ರೋಟೀನು ಸಹಜ ಪ್ರಮಾಣದ ಸುಮಾರು ಕಾಲುಭಾಗ ಮಾತ್ರ ದೊರೆತರೂ ನಡುಕವು ನಿಂತಿತು. ಅಕಾಲ ಮರಣವೂ ತಪ್ಪಿತು.

ಮಾನವರ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿಯೂ ಹೊದಿಕೆಯು ನಾಶವಾಗುವುದು. ಆದರೆ ಅಲ್ಲಿ ಅದನ್ನು ಕೆಡಿಸುವುದು ದೇಹದ ರಕ್ಷಣಾ ವ್ಯವಸ್ಥೆಯೇ. ಆದುದರಿಂದ ಇಲಿಯ ಮದ್ದು ಮಾನವನಿಗೆ ನೇರವಾಗಿ ಒದಗದು. ಆದರೂ ಹೊದಿಕೆಯು ಮರಳಿದರೆ ನರವು ಮತ್ತೆ ಕೆಲಸಮಾಡಬಲ್ಲುದೆಂಬ ಭರವಸೆಯನ್ನು ಆ ಸಣ್ಣ ಪ್ರಾಣಿಯು ನಮಗೆ ಕೊಟ್ಟಿದೆ.